ರೋಲರ್ ಕೋಸ್ಟರ್: ಅರಮನೆಯ ಆಟ ಎಲ್ಲರ ಆಟವಾದ ಕಥೆ

ಜಾತ್ರೆಯ ತೊಟ್ಟಿಲು ಮೇಲೇರಿ ಒಮ್ಮೆಲೇ ಕೆಳಗಿಳಿಯುವಾಗ ಹೊಟ್ಟೆಯೊಳಗೆ ಏನೋ ಜಾರಿದಂತಾಗುವುದು ನಮಗೆಲ್ಲ ಗೊತ್ತು. ಹೆದರಿಕೆ, ನಗು ಎರಡೂ ಒಟ್ಟಿಗೆ ಬರುವ ಗಳಿಗೆ ಅದು. ಅದೇ ಅನುಭವವನ್ನು ಹಳಿಯ ಮೇಲೆ ತಂದದ್ದು ರೋಲರ್ ಕೋಸ್ಟರ್. ಪ್ರವಾಸಕ್ಕೆ ಹೋದ ಮಕ್ಕಳು ಇಂದು ಅದನ್ನು ಕಂಡೊಡನೆ ಸಾಲಿನಲ್ಲಿ ನಿಲ್ಲುತ್ತಾರೆ. ಆದರೆ ಆ ಸಾಲಿನಲ್ಲಿ ಯಾರು ಬೇಕಾದರೂ ನಿಲ್ಲಬಹುದೆಂಬುದು ತಾನಾಗಿ ಬಂದ ಭಾಗ್ಯವಲ್ಲ.

ಕಥೆ ಆರಂಭವಾಗುವುದು ರಷ್ಯಾದಲ್ಲಿ. ಚಳಿಗಾಲದಲ್ಲಿ ಅಲ್ಲಿನ ಜನ ಮರದ ಎತ್ತರದ ಅಟ್ಟಣೆ ಕಟ್ಟಿ, ಇಳಿಜಾರಿಗೆ ನೀರು ಸುರಿದು, ಅದು ಗಟ್ಟಿಯಾದ ಮೇಲೆ ಜಾರುತ್ತಿದ್ದರು. 18ನೆಯ ಶತಮಾನದಲ್ಲಿ ರಾಣಿ ಎರಡನೆಯ ಕ್ಯಾಥರೀನ್ ಬೇಸಿಗೆಯಲ್ಲೂ ಈ ಸುಖ ಬೇಕೆಂದು ಒರಾನಿಯನ್‌ಬಾಮ್ ಅರಮನೆಯ ಆವರಣದಲ್ಲಿ ಗಾಲಿಯ ಬಂಡಿಗಳು ಉರುಳುವ ದಿಬ್ಬ ಕಟ್ಟಿಸಿದಳು. 1817ರಲ್ಲಿ ಪ್ಯಾರಿಸ್‌ನಲ್ಲಿ ಹಳಿಗೆ ಗಾಲಿ ಸಿಕ್ಕಿಸಿದ ಬಂಡಿಗಳು ಬಂದವು. ಫ್ರೆಂಚರು ಇಂದಿಗೂ ಇದನ್ನು 'ರಷ್ಯದ ಬೆಟ್ಟ' ಎನ್ನುತ್ತಾರೆ. ತಮಾಷೆಯೆಂದರೆ, ರಷ್ಯನ್ನರು ಕರೆಯುವುದು 'ಅಮೆರಿಕದ ಬೆಟ್ಟ' ಎಂದು!

ಅಮೆರಿಕದಲ್ಲಿ ಇದರ ಹುಟ್ಟು ದುಡಿಮೆಯ ನೆಲದಲ್ಲಾಯಿತು. ಪೆನ್ಸಿಲ್ವೇನಿಯಾದ ಮೌಕ್ ಚಂಕ್ ಎಂಬಲ್ಲಿ 1827ರಲ್ಲಿ ಬೆಟ್ಟದಿಂದ ಕಲ್ಲಿದ್ದಲು ಇಳಿಸಲು ಹಳಿ ಹಾಕಿದರು. ತುಂಬಿದ ಬಂಡಿಗಳು ಇಳಿಜಾರಿನಲ್ಲಿ ತಾವೇ ಉರುಳುತ್ತಿದ್ದವು. ಖಾಲಿ ಬಂಡಿಗಳನ್ನು ಹೇಸರಗತ್ತೆಗಳು ಮೇಲಕ್ಕೆಳೆಯುತ್ತಿದ್ದವು. ಇಳಿಯುವಾಗ ಆ ಹೇಸರಗತ್ತೆಗಳಿಗೂ ಬಂಡಿಯಲ್ಲೇ ಸವಾರಿ! ಮುಂದೆ ಜನ ಹಣ ಕೊಟ್ಟು ಈ ಹಳಿಯ ಮೇಲೆ ವಿಹರಿಸತೊಡಗಿದರು.

1884ರಲ್ಲಿ ಲಾಮಾರ್ಕಸ್ ಥಾಂಪ್ಸನ್ ಎಂಬಾತ ನ್ಯೂಯಾರ್ಕಿನ ಕೋನಿ ಐಲೆಂಡ್ ಕಡಲತೀರದಲ್ಲಿ ಮನರಂಜನೆಗೆಂದೇ ಇಂಥ ಹಳಿ ಕಟ್ಟಿದ. ವೇಗ ಗಂಟೆಗೆ ಸುಮಾರು 6 ಮೈಲಿ, ಇಂದಿನ ಸೈಕಲ್ಲಿಗಿಂತ ಕಡಿಮೆ. ಟಿಕೆಟ್ ಕೇವಲ 5 ಸೆಂಟ್. ರಾಣಿಯ ಆಟ ಕೂಲಿಕಾರನ ಕೈಗೆಟುಕಿತು. ಊರಾಚೆ ಟ್ರಾಮ್ ಓಡಿಸುತ್ತಿದ್ದ ಕಂಪನಿಗಳು ರಜಾದಿನಗಳಲ್ಲೂ ಪ್ರಯಾಣಿಕರು ಸಿಗಲೆಂದು ದಾರಿಯ ಕೊನೆಯಲ್ಲಿ ಮನರಂಜನಾ ಉದ್ಯಾನಗಳನ್ನು ತೆರೆದವು.

ಇದರ ಹಿಂದಿನ ತತ್ವ ನಮ್ಮ ವಿಜ್ಞಾನದ ತರಗತಿಯದೇ. ಸರಪಳಿ ಬಂಡಿಯನ್ನು ಮೊದಲ ಏರಿಗೆ ಎಳೆದು ಬಿಟ್ಟರೆ ಮುಂದೆ ಎಂಜಿನ್ ಬೇಕಿಲ್ಲ. ಎತ್ತರದಲ್ಲಿ ಕೂಡಿದ ಪ್ರಚ್ಛನ್ನ ಶಕ್ತಿ ಇಳಿಯುವಾಗ ಚಲನ ಶಕ್ತಿಯಾಗುತ್ತದೆ. ವೇಗ ಹೆಚ್ಚಿದಾಗ ಬಂಡಿ ಹಳಿ ಬಿಟ್ಟು ಮೇಲೇಳುವ ಅಪಾಯವಿತ್ತು. ಜಾನ್ ಮಿಲ್ಲರ್ 1919ರಲ್ಲಿ ಹಳಿಯ ಅಡಿಯಲ್ಲೂ ಗಾಲಿ ಜೋಡಿಸುವ ಉಪಾಯಕ್ಕೆ ಪೇಟೆಂಟ್ ಪಡೆದ. ಕಣ್ಣಿಗೆ ಬೀಳದ ಆ ಗಾಲಿಯ ನಂಬಿಕೆಯ ಮೇಲೆಯೇ ಜನ ನಿಶ್ಚಿಂತೆಯಿಂದ ಕಿರುಚಲು ಕಲಿತರು. 1927ರಲ್ಲಿ ಕೋನಿ ಐಲೆಂಡಿನಲ್ಲಿ ಕಟ್ಟಿದ 'ಸೈಕ್ಲೋನ್' ಇಂದಿಗೂ ಓಡುತ್ತಿದೆ.

ಆದರೆ ಟಿಕೆಟ್ ಅಗ್ಗವಾದರೂ ಗೇಟು ಎಲ್ಲರಿಗೂ ತೆರೆದಿರಲಿಲ್ಲ. ಅಮೆರಿಕದ ಅನೇಕ ಉದ್ಯಾನಗಳಲ್ಲಿ ಕಪ್ಪು ಜನರಿಗೆ ಪ್ರವೇಶವಿರಲಿಲ್ಲ. ಟಿ.ವಿ.ಯಲ್ಲಿ ಜಾಹೀರಾತು ನೋಡಿದ ಆರು ವರ್ಷದ ಮಗಳಿಗೆ ನೀನು ಅಲ್ಲಿಗೆ ಹೋಗುವಂತಿಲ್ಲ ಎಂದು ತಂದೆ ಹೇಗೆ ವಿವರಿಸಬೇಕು? 1963ರಲ್ಲಿ ಬರ್ಮಿಂಗ್‌ಹ್ಯಾಮ್ ಸೆರೆಮನೆಯಿಂದ ಬರೆದ ಪತ್ರದಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಈ ಸಂಕಟವನ್ನು ತೋಡಿಕೊಂಡಿದ್ದಾರೆ. ಅದೇ ವರ್ಷ ಬಾಲ್ಟಿಮೋರ್ ಬಳಿಯ ಗ್ವಿನ್ ಓಕ್ ಉದ್ಯಾನದ ಮುಂದೆ ಪ್ರತಿಭಟಿಸಿದ ನೂರಾರು ಜನರ ಬಂಧನವಾಯಿತು. ಆಗಸ್ಟ್ 28ರಂದು, ಕಿಂಗ್ ವಾಷಿಂಗ್ಟನ್ನಿನಲ್ಲಿ ತಮ್ಮ ಪ್ರಸಿದ್ಧ ಭಾಷಣ ಮಾಡಿದ ದಿನವೇ, ಆ ಗೇಟು ತೆರೆಯಿತು. ಕಪ್ಪು ಮಗುವೊಂದು ಅಲ್ಲಿನ ತಿರುಗುವ ಮರದ ಕುದುರೆಯೇರಿತು. ಆ ಕುದುರೆಗಳ ಚಕ್ರವನ್ನು ಬಳಿಕ ವಾಷಿಂಗ್ಟನ್ನಿಗೆ ತಂದು ನಿಲ್ಲಿಸಲಾಯಿತು.

ಬಿಡದಿಯ ವಂಡರ್‌ಲಾ 2005ರಲ್ಲಿ ತೆರೆದ ಮೇಲೆ ರೋಲರ್ ಕೋಸ್ಟರ್ ನಮ್ಮ ಮಕ್ಕಳ ಮಾತಿನಲ್ಲೂ ಸೇರಿತು. ಇಲ್ಲಿ ಬಣ್ಣ, ಜಾತಿ ಕೇಳುವವರಿಲ್ಲ. ಆದರೂ ಶಾಲಾ ಪ್ರವಾಸದ ಹಣ ಹೊಂದಿಸಲಾಗದೆ, 'ನನಗೆ ಬಸ್ಸಿನಲ್ಲಿ ವಾಂತಿ ಬರುತ್ತೆ ಸಾರ್' ಎಂದು ನೆಪ ಹೇಳಿ ಮನೆಯಲ್ಲುಳಿಯುವ ಮಗು ಪ್ರತಿ ತರಗತಿಯಲ್ಲೂ ಒಂದಾದರೂ ಇರುತ್ತದೆ. ನಮ್ಮಲ್ಲಿ ಕೆಲವರು ಆ ಮಗುವಾಗಿದ್ದವರೇ. ಜಾತಿ, ಸಿರಿತನ ನೋಡದೆ ನಮ್ಮನ್ನು ಒಳಗೆ ಕರೆದುಕೊಂಡ ಸರ್ಕಾರಿ ಶಾಲೆಯಿದು. ಐವತ್ತರ ಈ ಸಂಭ್ರಮದಲ್ಲಿ ಹಳೆಯ ವಿದ್ಯಾರ್ಥಿಗಳಾದ ನಾವು ಒಂದು ಮಾತು ಕೊಡೋಣ: ಇನ್ನು ಮುಂದೆ ಹಣವಿಲ್ಲವೆಂದು ಈ ಶಾಲೆಯ ಯಾವ ಮಗುವೂ ಪ್ರವಾಸದಿಂದ ಹಿಂದುಳಿಯಬಾರದು.