ಕಾಲೇಜು ಹತ್ತಿರ ಬಂತು, ಆಯ್ಕೆ ಬಂತೇ?

ಪಿಯುಸಿ ಫಲಿತಾಂಶ ಹೊರಬಿದ್ದ ಮೇಲೆ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ಮನೆಗಳಲ್ಲಿ ಪ್ರತಿವರ್ಷ ಒಂದೇ ಚರ್ಚೆ: ಯಾವ ಕಾಲೇಜು, ಯಾವ ವಿಷಯ? ಇಂದು ಈ ಪ್ರಶ್ನೆಗೆ ಊರಿನಲ್ಲೇ ಅಥವಾ ಪಕ್ಕದ ಊರಿನಲ್ಲೇ ಉತ್ತರ ಸಿಗುತ್ತದೆ. ಆದರೆ ಒಂದು ಕಾಲಕ್ಕೆ ಇಲ್ಲಿಯ ವಿದ್ಯಾರ್ಥಿಗೆ ಕಾಲೇಜು ಎಂದರೆ ಊರು ಬಿಡುವುದು ಎಂದೇ ಅರ್ಥವಾಗಿತ್ತು.

ವಿದ್ಯೆಗಾಗಿ ಊರು ಬಿಡುವ ಪರಿಪಾಠ ಇಲ್ಲಿ ಬಹಳ ಹಳೆಯದು. ಮುದುವೊಳಲಿನ, ಅಂದರೆ ಇಂದಿನ ಮುಧೋಳದ, ಬಳೆಗಾರರ ಮನೆತನದಲ್ಲಿ ಕ್ರಿ.ಶ. 949ರಲ್ಲಿ ಹುಟ್ಟಿದ ರನ್ನ ಶ್ರವಣಬೆಳಗೊಳದವರೆಗೆ ಹೋಗಿ ಅಜಿತಸೇನಾಚಾರ್ಯರ ಬಳಿ ಕಲಿತ. ಚಾವುಂಡರಾಯನ ಆಶ್ರಯ ದೊರೆಯದಿದ್ದರೆ ಆ ವಿದ್ಯೆ ಅವನಿಗೆ ದಕ್ಕುತ್ತಿತ್ತೋ ಇಲ್ಲವೋ.

<b>ಪುಣೆಯ ದಾರಿ, ಕೊಲ್ಲಾಪುರದ ದಾರಿ</b>

ಬ್ರಿಟಿಷರ ಕಾಲದಲ್ಲಿ ಈ ಊರುಗಳು ಒಂದೇ ಆಡಳಿತದಲ್ಲಿರಲಿಲ್ಲ. ಜಮಖಂಡಿ ಪಟವರ್ಧನರ ಸಂಸ್ಥಾನ, ಮುಧೋಳ ಘೋರ್ಪಡೆಯವರದು. ರಬಕವಿ ಸಾಂಗಲಿ ಸಂಸ್ಥಾನಕ್ಕೆ ಸೇರಿದ್ದರೆ, ಬೀಳಗಿ ನೇರವಾಗಿ ವಿಜಾಪುರ ಜಿಲ್ಲೆಯಲ್ಲಿತ್ತು. ಆದರೆ ಮೆಟ್ರಿಕ್ ಪರೀಕ್ಷೆ ಎಲ್ಲರಿಗೂ ಒಂದೇ; ಅದನ್ನು ನಡೆಸುತ್ತಿದ್ದುದು 1857ರಲ್ಲಿ ಸ್ಥಾಪನೆಯಾದ ಮುಂಬಯಿ ವಿಶ್ವವಿದ್ಯಾಲಯ. ಮೆಟ್ರಿಕ್ ಮುಗಿಸಿದವರು ಕುಡಚಿಗೆ ಹೋಗಿ ರೈಲು ಹತ್ತಬೇಕಿತ್ತು.

1886ರಲ್ಲಿ ಜಮಖಂಡಿಯಲ್ಲಿ ಹುಟ್ಟಿದ ರಾ.ದ. ರಾನಡೆಯವರು 1902ರಲ್ಲಿ ಮೆಟ್ರಿಕ್ ಮುಗಿಸಿ ಪುಣೆಯ ಡೆಕ್ಕನ್ ಕಾಲೇಜು ಸೇರಿದರು. ಮುಂದೆ ಅಲಹಾಬಾದ್ ವಿಶ್ವವಿದ್ಯಾಲಯದ ಕುಲಪತಿಯಾದರು. 1912ರಲ್ಲಿ ಜಮಖಂಡಿ ಬಳಿಯ ಸಾವಳಗಿಯಲ್ಲಿ ಹುಟ್ಟಿದ ಬಿ.ಡಿ. ಜತ್ತಿಯವರು ಕೊಲ್ಲಾಪುರದಲ್ಲಿ ಕಾನೂನು ಓದಿದರು. 1958ರಲ್ಲಿ ಮೈಸೂರು ರಾಜ್ಯದ ಮುಖ್ಯಮಂತ್ರಿ, 1974ರಲ್ಲಿ ಉಪರಾಷ್ಟ್ರಪತಿಯಾದರು. ಇವರ ಹೆಸರು ನಮಗೆ ಗೊತ್ತು. ಖರ್ಚು ಹೊಂದಿಸಲಾಗದೆ ಊರಲ್ಲೇ ಉಳಿದವರ ಹೆಸರು ಯಾವ ಪುಸ್ತಕದಲ್ಲೂ ಇಲ್ಲ. ಹೆಣ್ಣುಮಕ್ಕಳಂತೂ ಆ ಲೆಕ್ಕಕ್ಕೇ ಬರುತ್ತಿರಲಿಲ್ಲ.

<b>ಸಂಘಗಳು ಕಟ್ಟಿದ ಕಾಲೇಜುಗಳು</b>

ದೂರ ಕ್ರಮೇಣ ಕಡಿಮೆಯಾಯಿತು. 1917ರಲ್ಲಿ ಧಾರವಾಡದ ಕರ್ನಾಟಕ ಕಾಲೇಜು, 1933ರಲ್ಲಿ ಬೆಳಗಾವಿಯ ಲಿಂಗರಾಜ ಕಾಲೇಜು ಆರಂಭವಾದವು. 1948ರಲ್ಲಿ ಸಂಸ್ಥಾನಗಳು ವಿಲೀನಗೊಂಡವು. 1949ರ ಕಾಯ್ದೆಯಂತೆ ಹುಟ್ಟಿದ ಕರ್ನಾಟಕ ವಿಶ್ವವಿದ್ಯಾಲಯ ಮರುವರ್ಷ ಧಾರವಾಡಕ್ಕೆ ಬಂದು ನೆಲೆಸಿತು.

ತಾಲ್ಲೂಕು ಊರುಗಳಿಗೆ ಕಾಲೇಜು ತಂದದ್ದು ಮುಖ್ಯವಾಗಿ ಶಿಕ್ಷಣ ಸಂಘಗಳು. ಫ.ಗು. ಹಳಕಟ್ಟಿಯವರು 1910ರಲ್ಲಿ ಆರಂಭಿಸಿದ ಬಿ.ಎಲ್.ಡಿ.ಇ. ಸಂಸ್ಥೆ ಜಮಖಂಡಿಯಲ್ಲಿ, 1906ರಲ್ಲಿ ಸ್ಥಾಪನೆಯಾದ ಬಾಗಲಕೋಟೆಯ ಬಸವೇಶ್ವರ ವಿದ್ಯಾವರ್ಧಕ ಸಂಘ ಮುಧೋಳದಲ್ಲಿ, ಜನತಾ ಶಿಕ್ಷಣ ಸಂಘ ಬನಹಟ್ಟಿಯಲ್ಲಿ ಕಾಲೇಜು ತೆರೆದವು. ಮಗ್ಗದ ಮನೆಯ, ಕಬ್ಬಿನ ಗದ್ದೆಯ ಮಕ್ಕಳು ಮನೆಯಿಂದಲೇ ಡಬ್ಬಿ ಕಟ್ಟಿಕೊಂಡು ಕಾಲೇಜಿಗೆ ಹೋಗುವಂತಾದದ್ದು ಆಗ.

<b>ತರಗತಿಯ ಲೆಕ್ಕ</b>

ಆದರೆ ಹೊಸ ಪ್ರಶ್ನೆಯೂ ಎದ್ದಿತು. ಕಲಾ ವಿಭಾಗದಲ್ಲಿ ಇನ್ನೆರಡು ಬೆಂಚು ಹಾಕಿದರೆ ಇನ್ನಷ್ಟು ಮಕ್ಕಳಿಗೆ ಜಾಗವಾಗುತ್ತದೆ. ವಿಜ್ಞಾನದಲ್ಲಿ ಹಾಗಲ್ಲ, ಪ್ರಯೋಗಾಲಯದ ಮೇಜು ಎಷ್ಟಿವೆಯೋ ಅಷ್ಟೇ ಮಂದಿಯ ತಂಡ. ಇತ್ತ ಐಚ್ಛಿಕ ವಿಷಯವೊಂದಕ್ಕೆ ನಾಲ್ಕಾರು ಮಂದಿಯಷ್ಟೇ ಬಂದರೆ ಅದನ್ನು ನಡೆಸುವುದು ಕಾಲೇಜಿಗೆ ಕಷ್ಟ. ಹೀಗಾಗಿ ಒಂದು ಕಡೆ ಕಿಕ್ಕಿರಿದ ತರಗತಿ, ಇನ್ನೊಂದು ಕಡೆ ಮುಚ್ಚುವ ವಿಷಯ. ವಿದ್ಯಾರ್ಥಿ ತನಗೆ ಬೇಕಾದುದಕ್ಕಿಂತ ಕಾಲೇಜಿನಲ್ಲಿ ಇರುವುದನ್ನು ಆರಿಸಿಕೊಳ್ಳುತ್ತಾನೆ.

2021ರಲ್ಲಿ ರಾಜ್ಯ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಪದವಿ ತರಗತಿಗಳಿಗೆ ತಂದಾಗ ಆಯ್ಕೆ ಹಿಗ್ಗುತ್ತದೆಂಬ ಮಾತಿತ್ತು. ವಿಜ್ಞಾನದವರು ಕಲಾ ವಿಷಯವನ್ನೂ, ಕಲೆಯವರು ವಾಣಿಜ್ಯವನ್ನೂ ಮುಕ್ತ ಐಚ್ಛಿಕವಾಗಿ ಓದಬಹುದಿತ್ತು. ಪ್ರವೇಶ, ನೋಂದಣಿಗಳು ಯುಯುಸಿಎಂಎಸ್ ಎಂಬ ಗಣಕ ವ್ಯವಸ್ಥೆಗೆ ಬಂದವು. ಆದರೆ ಗಣಕದಲ್ಲಿ ವಿಷಯಗಳ ಪಟ್ಟಿ ಎಷ್ಟೇ ಉದ್ದವಿರಲಿ, ಕಲಿಸಲು ಅಧ್ಯಾಪಕರಿದ್ದಾಗ ಮಾತ್ರ ಅದು ನಿಜವಾದ ಆಯ್ಕೆ. ದೊಡ್ಡ ನಗರದ ಕಾಲೇಜಿಗೆ ಇದು ಸುಲಭ, ಬೀಳಗಿಯಂಥ ಊರಿಗೆ ಕಷ್ಟ. 2024ರಲ್ಲಿ ಸರ್ಕಾರ ಮತ್ತೆ ಮೂರು ವರ್ಷಗಳ ಪದವಿಗೆ ಮರಳಿತು.

<b>ವಿಶ್ವವಿದ್ಯಾಲಯವೂ ಬಂತು</b>

ಈ ಕಾಲೇಜುಗಳು 2010ರಲ್ಲಿ ಧಾರವಾಡದಿಂದ ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯಕ್ಕೆ ಸೇರಿದವು. ಬಳಿಕ ರಾಜ್ಯದಲ್ಲಿ ಒಟ್ಟಿಗೆ ಹುಟ್ಟಿದ ಏಳು ಹೊಸ ವಿಶ್ವವಿದ್ಯಾಲಯಗಳಲ್ಲಿ ಬಾಗಲಕೋಟೆ ವಿಶ್ವವಿದ್ಯಾಲಯಕ್ಕೆ ಜಮಖಂಡಿಯೇ ಕೇಂದ್ರವಾಯಿತು. ಪುಣೆಗೆ ಹೋಗಬೇಕಿದ್ದ ಊರಿಗೆ ವಿಶ್ವವಿದ್ಯಾಲಯವೇ ಬಂತು. ಆದರೆ 2025ರ ಫೆಬ್ರುವರಿಯಲ್ಲಿ ಸಚಿವ ಸಂಪುಟದ ಉಪಸಮಿತಿ ಹಣದ ಕೊರತೆಯನ್ನು ಮುಂದಿಟ್ಟು ಹೊಸ ವಿಶ್ವವಿದ್ಯಾಲಯಗಳಲ್ಲಿ ಹೆಚ್ಚಿನವನ್ನು ಮುಚ್ಚುವ ಸಲಹೆ ನೀಡಿದಾಗ ಜಮಖಂಡಿಯ ಹೆಸರೂ ಅದರಲ್ಲಿತ್ತು.

ವಿಶ್ವವಿದ್ಯಾಲಯ ಬೇಕೇ ಬೇಡವೇ ಎಂಬ ವಾದ ಒಂದು ಕಡೆ ಇರಲಿ. 2023ರ ಜೂನ್‌ನಿಂದ ರಾಜ್ಯದ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಹಣದ ಚಿಂತೆ ತಪ್ಪಿತು. ಆದರೆ ಬಸ್ಸು ಒಯ್ಯುವುದು ಕಾಲೇಜಿನ ಗೇಟಿನವರೆಗೆ ಮಾತ್ರ. ಬೀಳಗಿಯ ಹುಡುಗಿ ಭೌತಶಾಸ್ತ್ರ ಬೇಕೆಂದರೆ ಅದಕ್ಕೊಂದು ಪ್ರಯೋಗಾಲಯ, ಅಲ್ಲೊಬ್ಬ ಅಧ್ಯಾಪಕರು ಇರಬೇಕು. ನೂರು ವರ್ಷಗಳಲ್ಲಿ ಕಾಲೇಜಿನ ದೂರ ಕರಗಿದೆ. ವಿಷಯದ ದೂರ ಕರಗುವುದು ಬಾಕಿಯಿದೆ.