ಕುಂಬಾರ ಕಪ್ಪೆ, ಗ್ರಿಫಿಂಡರ್ ಜೇಡ

ಉತ್ತರ ಕನ್ನಡದ ಕತ್ತಲೆಕಾನಿನ ಇರುಳುಗಪ್ಪೆಯೊಂದಕ್ಕೆ 2014ರಲ್ಲಿ ‘ನಿಕ್ಟಿಬಟ್ರಾಕಸ್ ಕುಂಬಾರ’ ಎಂದು ಹೆಸರಿಡಲಾಯಿತು. ಹೆಣ್ಣು ಮೊಟ್ಟೆಯಿಟ್ಟ ಮೇಲೆ ಗಂಡು ಹಿಂಗಾಲ ಮೇಲೆ ನಿಂತು, ತೊರೆಯ ಕೆಸರನ್ನು ಮುಂಗೈಯಲ್ಲಿ ಬಾಚಿ ಮೊಟ್ಟೆಗಳಿಗೆ ಮೆತ್ತುತ್ತದೆ. ಹೆಸರು ಬಂದದ್ದು ಈ ಕೆಲಸದಿಂದಲೇ. ಶಾಸ್ತ್ರೀಯ ಹೆಸರೆಂದರೆ ಲ್ಯಾಟಿನ್ನೇ ಆಗಬೇಕಲ್ಲವೇ ಎಂದು ಕೇಳುವವರುಂಟು. ಪ್ರಾಣಿಗಳ ನಾಮಕರಣದ ಅಂತಾರಾಷ್ಟ್ರೀಯ ಸಂಹಿತೆ ಹಾಗೆ ಹೇಳುವುದಿಲ್ಲ. ಪದ ಯಾವ ಭಾಷೆಯದಾದರೂ ಸರಿ, ರೋಮನ್ ಲಿಪಿಯಲ್ಲಿರಬೇಕು; ಅದೇ ಕುಲದ ಬೇರೊಂದು ಪ್ರಭೇದಕ್ಕೆ ಆ ಹೆಸರು ಇರಬಾರದು; ಜೀವಿಯ ವಿವರಣೆ ಪ್ರಕಟವಾಗಿ, ಮಾದರಿಯೊಂದನ್ನು ಗೊತ್ತುಮಾಡಿರಬೇಕು.

ಕುಂಬಾರನನ್ನು ಒಪ್ಪುವವರೂ ‘ಎರಿಯೋವಿಕ್ಸಿಯಾ ಗ್ರಿಫಿಂಡೋರಿ’ ಕಂಡರೆ ಹುಬ್ಬೇರಿಸುತ್ತಾರೆ. ಪಶ್ಚಿಮ ಘಟ್ಟದ ಕಾನುಗಳ ಈ ಪುಟ್ಟ ಜೇಡದ ಮೈ ತುದಿ ಬಾಗಿದ ಟೋಪಿಯಂತಿದೆ. ಹಾಗಾಗಿ ಹ್ಯಾರಿ ಪಾಟರ್ ಕಥೆಯ ಮಾಂತ್ರಿಕ ಟೋಪಿಯ ಮೂಲ ಒಡೆಯನ ಹೆಸರು. ಇದು ಹುಡುಗಾಟ, ಹೆಸರು ಜೀವಿಯ ಗುಣವನ್ನೇ ಹೇಳಬೇಕು ಎಂಬ ಆಕ್ಷೇಪ ಮೇಲ್ನೋಟಕ್ಕೆ ನ್ಯಾಯವೆನಿಸುತ್ತದೆ. ಆದರೆ ಗುಣ ಹೇಳಹೊರಟ ಹೆಸರೇ ಸುಳ್ಳಾಗಬಹುದು. ನ್ಯೂಗಿನಿಯ ಸ್ವರ್ಗದ ಹಕ್ಕಿಯ ಚರ್ಮ ಯೂರೋಪಿಗೆ ಬರುವಾಗ ಕಾಲು ಕತ್ತರಿಸಿರುತ್ತಿದ್ದರು. 1758ರಲ್ಲಿ ಜೀವವಿಜ್ಞಾನಿ ಲಿನೇಯಸ್ ಅದಕ್ಕೆ ಇಟ್ಟ ಹೆಸರು ‘ಅಪೋಡಾ’, ಅಂದರೆ ಕಾಲಿಲ್ಲದ್ದು. ಹಕ್ಕಿಗೆ ಗಟ್ಟಿಮುಟ್ಟಾದ ಎರಡು ಕಾಲುಗಳಿವೆ! ಹೆಸರಿನ ಕೆಲಸ ಒಂದು ಜೀವಿಯನ್ನು ತಪ್ಪದೆ ಗುರುತಿಸುವುದು, ಬಣ್ಣಿಸುವುದಲ್ಲ. ಅರ್ಥ ಹೊಂದಲಿಲ್ಲವೆಂದು ಒಮ್ಮೆ ಪ್ರಕಟವಾದ ಹೆಸರನ್ನು ಇಟ್ಟವರೂ ಬದಲಿಸುವಂತಿಲ್ಲ. ಆ ಹಕ್ಕಿ ಇಂದಿಗೂ ‘ಪ್ಯಾರಡೈಸಿಯಾ ಅಪೋಡಾ’.