ಐನೂರು ಮೈಲಿಯ ಕಚೇರಿ

ಮನೆಯ ಯಜಮಾನನು ಅಂಗಳದಲ್ಲಿ ನಿಂತು ಕೂಗಿದರೆ ಹಿತ್ತಲಿನಲ್ಲಿರುವವನಿಗೆ ಕೇಳಿಸುತ್ತದೆ. ಕೂಗು ಮುಟ್ಟುವಷ್ಟು ದೂರದೊಳಗೇ ಕೆಲಸವಿರುವ ತನಕ ಯಜಮಾನಿಕೆ ಅಷ್ಟೇನೂ ಕಠಿಣವಾದ ವಿದ್ಯೆಯಲ್ಲ. ಕೆಲಸವು ಕೂಗಿಗೂ ಕಣ್ಣಿಗೂ ಎಟುಕದಷ್ಟು ದೂರ ಹಬ್ಬಿದಾಗಲೇ ನಿಜವಾದ ತೊಡಕು ಮೊದಲಾಗುತ್ತದೆ. ರಾಜ್ಯಗಳು ಈ ತೊಡಕನ್ನು ಬಹು ಹಿಂದಿನಿಂದಲೂ ಬಲ್ಲವು. ಓಲೆಕಾರ, ಬೇಹುಗಾರ, ಕರಣಿಕ ಇವರೆಲ್ಲ ಹುಟ್ಟಿದ್ದು ಅದರಿಂದಲೇ. ಕಡಲಾಚೆ ವ್ಯಾಪಾರ ನಡೆಸಿದ ಈಸ್ಟ್ ಇಂಡಿಯಾ ಕಂಪನಿಯೂ ಅದನ್ನು ಬಲ್ಲುದು. ಆದರೆ ಲಂಡನ್ನಿನ ಕಾಗದ ಮದರಾಸಿಗೆ ಬರಲು ತಿಂಗಳುಗಳೇ ಹಿಡಿಯುತ್ತಿದ್ದ ಕಾಲದಲ್ಲಿ ತಪ್ಪುಗಳೂ ನಿಧಾನವಾಗಿಯೇ ನಡೆಯುತ್ತಿದ್ದವು. ದೂರದ ಜೊತೆಗೆ ವೇಗವೂ ಕೂಡಿಕೊಂಡು, ನಿಮಿಷದ ತಪ್ಪು ಪ್ರಾಣಕ್ಕೆ ಎರವಾದದ್ದು ರೈಲ್ವೆಯ ಕಾಲದಲ್ಲಿ.

1841ರ ಅಕ್ಟೋಬರ್ 5ರಂದು ಅಮೆರಿಕದ ಮ್ಯಾಸಚೂಸೆಟ್ಸ್ ಪ್ರಾಂತದ ವೆಸ್ಟರ್ನ್ ರೈಲ್‌ರೋಡ್ ಎಂಬ ಒಂಟಿ ಹಳಿಯ ದಾರಿಯಲ್ಲಿ ಎರಡು ಬಂಡಿಗಳು ಎದುರುಬದುರಾಗಿ ಡಿಕ್ಕಿ ಹೊಡೆದವು. ಇಬ್ಬರು ಸತ್ತರು, ಹದಿನೇಳು ಮಂದಿ ಗಾಯಗೊಂಡರು. ಇಂದಿನ ಲೆಕ್ಕದಲ್ಲಿ ಇದು ಸಣ್ಣ ಅಪಘಾತ. ಆದರೆ ಅದರ ಪರಿಣಾಮ ಸಣ್ಣದಾಗಿರಲಿಲ್ಲ. ಯಾರು ಯಾರಿಗೆ ಏನನ್ನು ತಿಳಿಸಬೇಕು, ಯಾವ ತುಣುಕು ದಾರಿಗೆ ಯಾರು ಹೊಣೆ ಎಂಬುದನ್ನು ಆ ಕಂಪನಿ ಬರವಣಿಗೆಯಲ್ಲಿ ಗೊತ್ತುಪಡಿಸಬೇಕಾಯಿತು. ಬಾಯಿಮಾತಿನ ಆಡಳಿತ ಕಾಗದದ ಆಡಳಿತವಾಗತೊಡಗಿದ್ದು ಹೀಗೆ.

ಹತ್ತು ವರ್ಷಗಳ ಅನಂತರ, 1851ರಲ್ಲಿ, ನ್ಯೂಯಾರ್ಕ್ ಪ್ರಾಂತದ ಈರಿ ರೈಲ್ವೆ ಪೂರ್ಣಗೊಂಡಿತು. ಹಡ್ಸನ್ ನದಿಯ ಪಿಯರ್‌ಮಾಂಟಿನಿಂದ ಈರಿ ಸರೋವರದ ಡನ್‌ಕರ್ಕ್‌ವರೆಗೆ ಸುಮಾರು 450 ಮೈಲಿಗಳ ದಾರಿ ಅದು. ಅದರ ಸೂಪರಿಂಟೆಂಡೆಂಟ್ ಚಾರ್ಲ್ಸ್ ಮೈನಟ್. ಆ ವರ್ಷವೇ ಒಂದು ದಿನ ಆತ ಪಶ್ಚಿಮಕ್ಕೆ ಹೋಗುವ ಬಂಡಿಯಲ್ಲಿ ಕುಳಿತಿದ್ದ. ಟರ್ನರ್ ಎಂಬ ನಿಲ್ದಾಣದಲ್ಲಿ ಬಂಡಿ ನಿಂತೇಬಿಟ್ಟಿತು. ಎದುರಿನಿಂದ ಬರಬೇಕಾದ ಬಂಡಿ ಬಾರದೆ ಇದು ಹೊರಡುವಂತಿರಲಿಲ್ಲ, ವೇಳಾಪಟ್ಟಿಯ ನಿಯಮ ಹಾಗಿತ್ತು. ಮೈನಟ್ ತಂತಿ ಕಚೇರಿಗೆ ಹೋಗಿ, ಎದುರು ಬಂಡಿ ಗೋಶನ್ ನಿಲ್ದಾಣವನ್ನು ಇನ್ನೂ ಮುಟ್ಟಿಲ್ಲವೆಂದು ತಿಳಿದುಕೊಂಡ. ಅದು ಬಂದರೆ ಅಲ್ಲಿಯೇ ತಡೆದು ನಿಲ್ಲಿಸುವಂತೆ ತಂತಿ ಕೊಟ್ಟು, ತನ್ನ ಬಂಡಿಗೆ ಹೊರಡಲು ಅಪ್ಪಣೆ ಮಾಡಿದ.

ಚಾಲಕ ಐಸಾಕ್ ಲೂಯಿಸ್ ಒಪ್ಪಲಿಲ್ಲ. ಕಣ್ಣಿಗೆ ಕಾಣದ ಸುದ್ದಿಯೊಂದನ್ನು ನಂಬಿ ಒಂಟಿ ಹಳಿಯ ಮೇಲೆ ಯಂತ್ರ ಓಡಿಸಲು ಅವನು ಸಿದ್ಧನಿರಲಿಲ್ಲ. ಕೊನೆಗೆ ಮೈನಟ್ ತಾನೇ ಎಂಜಿನ್ ಹತ್ತಿ ಬಂಡಿ ನಡೆಸಿದ. ಲೂಯಿಸ್ ಹೋಗಿ ಕಟ್ಟಕಡೆಯ ಡಬ್ಬಿಯ ಕಟ್ಟಕಡೆಯ ಆಸನದಲ್ಲಿ ಕುಳಿತ. ಡಿಕ್ಕಿಯಾದರೆ ಅದಕ್ಕೆ ಅತ್ಯಂತ ದೂರದ ಸ್ಥಳ ಅದೇ ತಾನೆ! ಡಿಕ್ಕಿಯಾಗಲಿಲ್ಲ. ಮುಂದಿನ ನಿಲ್ದಾಣಗಳಿಂದಲೂ ಅದೇ ರೀತಿ ತಂತಿ ಕಳಿಸುತ್ತ ಬಂಡಿ ಮುಂದುವರಿಯಿತು. ತಂತಿಯ ಅಪ್ಪಣೆಯಿಂದ ರೈಲು ನಡೆಸುವ ಪದ್ಧತಿ ಅಮೆರಿಕದಲ್ಲಿ ಬೇರೂರಿದ ಕಥೆಯನ್ನು ಹೇಳುವವರು ಈ ಪ್ರಸಂಗದಿಂದಲೇ ಮೊದಲುಮಾಡುವುದು ರೂಢಿ.

ಲೂಯಿಸನನ್ನು ಹೇಡಿಯೆಂದು ನಗುವುದು ಸುಲಭ. ಆದರೆ ಅವನ ಸಂಶಯ ನ್ಯಾಯವಾದದ್ದೇ. ಹೊಸ ಸಾಧನವೊಂದು ಬಂದಾಗ ಅದನ್ನು ತಂದವನಿಗೆ ಲಾಭ ಕಾಣುತ್ತದೆ. ಅದರ ಮೇಲೆ ಜೀವವನ್ನು ಒತ್ತೆಯಿಡಬೇಕಾದವನಿಗೆ ಅಪಾಯ ಕಾಣುತ್ತದೆ. ಮೈನಟ್ ಅಂದು ಲೂಯಿಸನ ಮುಂದೆ ತಂತಿಯ ಗುಣಗಾನ ಮಾಡುತ್ತ ನಿಲ್ಲಲಿಲ್ಲ. ಅಪಾಯದ ಆಸನದಲ್ಲಿ ತಾನು ಕುಳಿತ.

1854ರಲ್ಲಿ ಮೈನಟ್ ಆ ಹುದ್ದೆಯನ್ನು ಬಿಟ್ಟ ಮೇಲೆ ಅದಕ್ಕೆ ಬಂದವನು ಡೇನಿಯಲ್ ಕ್ರೇಗ್ ಮೆಕ್ಯಾಲಮ್. 1815ರಲ್ಲಿ ಸ್ಕಾಟ್ಲೆಂಡಿನಲ್ಲಿ ಹುಟ್ಟಿ, ಅಮೆರಿಕಕ್ಕೆ ಬಂದು, ಬಡಗಿಯಾಗಿ ದುಡಿದು, ಸೇತುವೆ ಕಟ್ಟುವುದರಲ್ಲಿ ಹೆಸರು ಮಾಡಿದವನು. ಅವನ ಮುಂದಿದ್ದ ಒಗಟು ಇದು: ಉದ್ದನೆಯ ದಾರಿಗಳು ಸಣ್ಣ ದಾರಿಗಳಿಗಿಂತ ಅಗ್ಗವಾಗಿ ನಡೆಯಬೇಕಾಗಿತ್ತು, ಆದರೆ ಮೈಲಿಗೆ ತಗಲುವ ಖರ್ಚು ಅವುಗಳಲ್ಲೇ ಹೆಚ್ಚಾಗಿ ಕಾಣುತ್ತಿತ್ತು. ಮೆಕ್ಯಾಲಮ್ ಕೊಟ್ಟ ಉತ್ತರ ಸರಳ. ಐವತ್ತು ಮೈಲಿಯ ದಾರಿಯ ಮೇಲ್ವಿಚಾರಕನು ಪ್ರತಿಯೊಂದು ಕೆಲಸವನ್ನೂ ಕಣ್ಣಾರೆ ಕಾಣಬಲ್ಲ, ಪ್ರತಿಯೊಬ್ಬ ನೌಕರನನ್ನೂ ಹೆಸರು ಹಿಡಿದು ಬಲ್ಲ. ಐನೂರು ಮೈಲಿಯಲ್ಲಿ ಅದು ಸಾಧ್ಯವಿಲ್ಲ. ಆದ್ದರಿಂದ ಕಣ್ಣಿನ ಸ್ಥಾನದಲ್ಲಿ ಒಂದು ಪದ್ಧತಿಯನ್ನು ನಿಲ್ಲಿಸಬೇಕು.

1856ರ ಮಾರ್ಚ್ ತಿಂಗಳಲ್ಲಿ ಕಂಪನಿಯ ಅಧ್ಯಕ್ಷನಿಗೆ ಒಪ್ಪಿಸಿದ ವರದಿಯಲ್ಲಿ ಆತ ಆ ಪದ್ಧತಿಯ ಆರು ಸೂತ್ರಗಳನ್ನು ಹೇಳಿದ್ದಾನೆ. ಹೊಣೆಯನ್ನು ಸರಿಯಾಗಿ ಹಂಚಬೇಕು. ಹೊಣೆಗೆ ತಕ್ಕ ಅಧಿಕಾರವನ್ನೂ ಕೊಡಬೇಕು. ಹೊಣೆ ನಿರ್ವಹಣೆಯಾಗುತ್ತಿದೆಯೇ ಎಂದು ತಿಳಿಯುವ ದಾರಿಯಿರಬೇಕು. ಲೋಪಗಳು ಕೂಡಲೇ ವರದಿಯಾಗಬೇಕು. ಈ ತಿಳಿವಳಿಕೆಯನ್ನು ದಿನದಿನದ ವರದಿಗಳಿಂದ, ಮೇಲಧಿಕಾರಿಗಳಿಗೆ ಮುಜುಗರವಾಗದಂತೆ, ಕೈಕೆಳಗಿನವರ ಮೇಲಿನ ಅವರ ಪ್ರಭಾವ ಕುಂದದಂತೆ ಪಡೆಯಬೇಕು. ಒಟ್ಟಿನಲ್ಲಿ ತಪ್ಪು ಮಾತ್ರವಲ್ಲ, ತಪ್ಪಿತಸ್ಥನೂ ತಕ್ಷಣ ಗೊತ್ತಾಗುವಂತಿರಬೇಕು. ಬಂಡಿಗಳು ಎಲ್ಲಿವೆಯೆಂಬುದು ಗಂಟೆಗಂಟೆಗೂ ತಂತಿಯ ಮೂಲಕ ಬರುತ್ತಿತ್ತು. ಅದರ ಹಿಂದೆ ದಿನದ ವರದಿ, ಅದರ ಹಿಂದೆ ತಿಂಗಳಿನ ವರದಿ.

ಈ ವ್ಯವಸ್ಥೆಯನ್ನು ತೋರಿಸಲು 1855ರಲ್ಲಿ ಜಾರ್ಜ್ ಹೋಲ್ಟ್ ಹೆನ್‌ಶಾ ಎಂಬ ಎಂಜಿನಿಯರನು ಒಂದು ಚಿತ್ರ ಬರೆದ. ಆಧುನಿಕ ಸಂಸ್ಥೆಯೊಂದರ ಮೊದಲ ರಚನಾಚಿತ್ರವೆಂದು ಅದನ್ನು ಹಲವರು ಎಣಿಸುತ್ತಾರೆ. ಅದರ ಪ್ರತಿಯೊಂದು ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್ಸಿನಲ್ಲಿದೆ. ಇಂದಿನ ಕಚೇರಿಗಳ ಗೋಡೆಯ ಮೇಲಿನ ಪಟಗಳಲ್ಲಿ ಯಜಮಾನನು ತುದಿಯಲ್ಲಿರುತ್ತಾನೆ. ಗೀತೆಯ ಅಶ್ವತ್ಥದಂತೆ ಅವು ಊರ್ಧ್ವಮೂಲವಾದ ಮರಗಳು. ಹೆನ್‌ಶಾನ ಮರ ಹಾಗಲ್ಲ. ಅಧ್ಯಕ್ಷನೂ ನಿರ್ದೇಶಕರೂ ಬುಡದಲ್ಲಿದ್ದಾರೆ. ದಾರಿಯ ವಿಭಾಗಗಳು ಬಾಗಿದ ಕೊಂಬೆಗಳಾಗಿ ಮೇಲಕ್ಕೆ ಹರಡಿವೆ. ನಿಲ್ದಾಣಗಳೂ ನೌಕರರೂ ಎಲೆಮೊಗ್ಗುಗಳಂತೆ ಕಾಣುತ್ತಾರೆ. ನಾಲ್ಕು ಸಾವಿರಕ್ಕೂ ಮೀರಿದ ಜನ ಒಂದೇ ಹಾಳೆಯಲ್ಲಿದ್ದಾರೆ. ರೈಲ್ವೆ ಪತ್ರಿಕೆಯ ಸಂಪಾದಕ ಹೆನ್ರಿ ವಾರ್ನಮ್ ಪೂರ್ ಅದನ್ನು ಮೆಚ್ಚಿ, ಕಲ್ಲಚ್ಚಿನಲ್ಲಿ ಮುದ್ರಿಸಿ, ಪ್ರತಿಗೆ ಒಂದು ಡಾಲರಿನಂತೆ ಮಾರಿದ.

ಆದರೆ ಇದೇ ಮರದ ನೆರಳಿನಲ್ಲಿ ಜಗಳವೂ ಹುಟ್ಟಿತು. ಮೆಕ್ಯಾಲಮ್‌ನ ನಿಯಮಗಳನ್ನು ವಿರೋಧಿಸಿ ಎಂಜಿನ್ ಚಾಲಕರು 1854ರಲ್ಲಿ ಮುಷ್ಕರ ಹೂಡಿದರು, 1856ರಲ್ಲಿ ಮತ್ತೊಮ್ಮೆ ಹೂಡಿದರು. ಬಂಡಿ ನಿಲ್ಲುವ ನಿಲ್ದಾಣದಲ್ಲಿ ಹಳಿ ಬದಲಿಸುವ ಕಡೆ ಗಾಲಿ ತಪ್ಪಿದರೆ ಚಾಲಕನೇ ಹೊಣೆ ಎಂಬ ನಿಯಮ ಅವರ ಆಕ್ಷೇಪಗಳಲ್ಲಿ ಮುಖ್ಯವಾದದ್ದು. ಹಳಿ ಬದಲಿಸುವವನು ಬೇರೆ, ದಂಡ ತೆರುವವನು ಬೇರೆ ಎಂಬುದು ಅವರ ದೂರು. 1857ರಲ್ಲಿ ಮೆಕ್ಯಾಲಮ್ ರಾಜೀನಾಮೆ ಕೊಟ್ಟ. ಅವನ ಶಕ್ತಿ ವ್ಯರ್ಥವಾಗಲಿಲ್ಲ. ಅಂತರ್ಯುದ್ಧದ ಕಾಲದಲ್ಲಿ, 1862ರಲ್ಲಿ, ಉತ್ತರದ ಸೈನ್ಯ ರೈಲ್ವೆಗಳ ಹೊಣೆ ಅವನಿಗೆ ಬಂತು. ಅದನ್ನು ಸಮರ್ಥವಾಗಿ ನಿರ್ವಹಿಸಿ ಮೇಜರ್ ಜನರಲ್ ಗೌರವಪದವಿ ಪಡೆದ. ಅಪ್ಪಣೆಯೇ ಧರ್ಮವಾದ ಸೈನ್ಯದಲ್ಲಿ ಸಲ್ಲುವ ರೀತಿ ಶಾಂತಿಕಾಲದ ದುಡಿಮೆಗಾರರಲ್ಲಿ ಹಾಗೆಯೇ ಸಲ್ಲಲಿಲ್ಲ. ಪದ್ಧತಿಯನ್ನು ಹೊಗಳಿದ್ದ ಪೂರ್ ಕೂಡ, ಮಿತಿಮೀರಿದ ಶಿಸ್ತು ಮನುಷ್ಯನ ಉತ್ಸಾಹವನ್ನು ಬತ್ತಿಸುತ್ತದೆಯೇ ಎಂದು ಮುಂದೆ ಶಂಕಿಸಿದ. ಅದೇ ಮೆಕ್ಯಾಲಮ್ ಪದ್ಯಗಳನ್ನೂ ಬರೆದು, ನೀರಿನ ಗಿರಣಿಯ ಹೆಸರು ಹೊತ್ತ ಸಂಕಲನವೊಂದನ್ನು 1870ರಲ್ಲಿ ಪ್ರಕಟಿಸಿದನೆಂಬುದನ್ನು ಸಾಹಿತ್ಯಪ್ರಿಯರು ಮರೆಯಬಾರದು. ಯಂತ್ರದಂತೆ ಆಳಿದವನು ಯಂತ್ರವಾಗಿರಲಿಲ್ಲ.

ಹಾಗಾದರೆ ಕೊರತೆ ಎಲ್ಲಿತ್ತು? ಮೆಕ್ಯಾಲಮ್‌ನ ಮರದಲ್ಲಿ ಎಲೆಗಳ ಸುದ್ದಿ ಬುಡಕ್ಕೆ ಬರುತ್ತಿತ್ತು, ಬುಡದ ಅಪ್ಪಣೆ ಎಲೆಗಳಿಗೆ ಹೋಗುತ್ತಿತ್ತು. ಬಂಡಿ ಎಲ್ಲಿದೆ, ಎಷ್ಟು ತಡವಾಯಿತು, ಯಾರು ತಪ್ಪಿದರು ಎಂಬುದಕ್ಕೆಲ್ಲ ವರದಿಯಲ್ಲಿ ಜಾಗವಿತ್ತು. ಈ ನಿಯಮ ಅನ್ಯಾಯವೆಂದು ಚಾಲಕನು ಬರೆಯಲು ಜಾಗವಿರಲಿಲ್ಲ. ಆ ಮಾತು ಮುಷ್ಕರದ ರೂಪದಲ್ಲಿ ಬಂತು.

ಇಂದು ತಂತಿಯ ಕಾಲ ಮುಗಿದಿದೆ. ನಮ್ಮ ದೇಶದಲ್ಲಿ 2013ರ ಜುಲೈ ತಿಂಗಳಲ್ಲಿ ಟೆಲಿಗ್ರಾಂ ಸೇವೆಯೇ ನಿಂತುಹೋಯಿತು. ಅದರ ಜಾಗದಲ್ಲಿ ಕೈಯೊಳಗಿನ ಫೋನು ನಿಮಿಷನಿಮಿಷಕ್ಕೂ ಸಂದೇಶ ತರುತ್ತದೆ, ನಿಮಿಷನಿಮಿಷಕ್ಕೂ ವರದಿ ಬೇಡುತ್ತದೆ. ಪ್ರತಿಯೊಂದು ಸಂಸ್ಥೆಯ ಮುಖ್ಯಸ್ಥನೂ ಹೊಸ ಸಾಧನವನ್ನು ತರುವಾಗ ಮೆಕ್ಯಾಲಮ್‌ನ ಪ್ರಶ್ನೆಯನ್ನು ಕೇಳುತ್ತಾನೆ: ಇದರಿಂದ ನನಗೆ ಏನೇನು ತಿಳಿಯುತ್ತದೆ? ಅದು ಕೇಳಲೇಬೇಕಾದ ಪ್ರಶ್ನೆ. ಅದನ್ನು ಕೇಳದಿದ್ದರೆ ಬಂಡಿಗಳು ಡಿಕ್ಕಿ ಹೊಡೆಯುತ್ತವೆ. ಆದರೆ ಇನ್ನೊಂದು ತುದಿಯಲ್ಲಿರುವವನು ಇದರಲ್ಲಿ ನನಗೆ ಏನನ್ನು ಹೇಳಬಲ್ಲ, ನಾನು ಕೇಳಿಸಿಕೊಂಡೆನೆಂದು ಅವನಿಗೆ ಹೇಗೆ ತಿಳಿಯುತ್ತದೆ ಎಂಬ ಪ್ರಶ್ನೆಗೆ ಹೆನ್‌ಶಾನ ಸುಂದರವಾದ ಚಿತ್ರದಲ್ಲಿ ಒಂದು ಗೆರೆಯೂ ಇಲ್ಲ.